‘ಗೊತ್ತಿಲ್ಲ’ ಎಂದು ಕಳಿಸುವ ಗಂಗಾಮಣಿ

ಬೆಳಗಿನ ಜಾವ. ಕೆ. ಹೊಸಕೋಟೆಯ ಹಿಟ್ಟಿನ ಗಿರಣಿಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ಗಂಗಾಮಣಿ ಶಾಲು ಹೊದ್ದು ಕುಳಿತಿದ್ದಾರೆ. ರಾತ್ರಿ ಹೋಗಿದ್ದ ಕರೆಂಟು ಈಗ ತಾನೆ ಬಂದಿದೆ. ಮೇಜಿನ ಮೇಲಿನ ಹಳೇ ಕಂಪ್ಯೂಟರ್ ಗುರುಗುಟ್ಟುತ್ತ ನಿಧಾನವಾಗಿ ಏಳುತ್ತಿದೆ. ಅದು ಏಳುವವರೆಗೆ ಇವರು ಸುಮ್ಮನೆ ಕೂರುವುದಿಲ್ಲ. ಮೊಬೈಲ್ ಕಿವಿಗಿಟ್ಟುಕೊಂಡು ಎಸ್ಟೇಟುಗಳ ಕಾವಲುಗಾರರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸುತ್ತಿದ್ದಾರೆ.

“ಲಿಂಗಪ್ಪಣ್ಣ, ನಿಮ್ ಕಡೆ ಎಷ್ಟವೆ?”

ಲಿಂಗಪ್ಪ ಮಗ್ಗೆ ಕಡೆಯ ಒಂದು ಕಾಫಿ ಎಸ್ಟೇಟಿನ ಕಾವಲುಗಾರ. ಅವರ ಗಂಟಲು ಎಷ್ಟು ದೊಡ್ಡದೆಂದರೆ ಫೋನು ಗಂಗಾಮಣಿಯ ಕಿವಿಯಲ್ಲಿದ್ದರೂ ಬಾಗಿಲಲ್ಲಿ ನಿಂತವರಿಗೂ ಕೇಳುತ್ತದೆ. “ನೆನ್ನೆ ಸಂಜೆ ನಾಕ್ ಇದ್ವು ಕಣವ್ವ. ಈಗ ಈ ಮಂಜಲ್ಲಿ ನನ್ ಕೈ ನಂಗೇ ಕಾಣ್ತಿಲ್ಲ, ಆನೆ ಎಲ್ಲಿಂದ ಕಾಣ್ಲಿ?”

“ಹಂಗಾರೆ ಗೊತ್ತಿಲ್ಲ ಅಂತ ಹಾಕ್ತೀನಿ.”

“ಹಾಕ್ಬುಡು. ಬೆಳಕಾದ್ಮೇಲೆ ಒಂದ್ ಸುತ್ತು ನೋಡಿ ಕಳಿಸ್ತೀನಿ. ಅಲ್ಲೀಗಂಟ ಕಾಫಿ ಕುಡಿಯಾಕಾದ್ರೂ ಬಿಡು ತಾಯಿ.”

ಗಂಗಾಮಣಿ ಕೀಲಿಮಣೆಯ ಮೇಲೆ ನಾಲ್ಕು ಅಕ್ಷರ ಒತ್ತುತ್ತಾರೆ. ಕಂಪ್ಯೂಟರಿಗೆ ತಂತಿಯಲ್ಲಿ ಕಟ್ಟಿರುವ ಪುಟ್ಟ ಪೆಟ್ಟಿಗೆಯ ಹಸಿರು ದೀಪ ಮಿಟುಕುತ್ತದೆ. ಲಿಂಗಪ್ಪನವರ ಎಸ್ಟೇಟಿನ ಕೂಲಿಯವರು ಇರುವ ಲೈನ್‌ಮನೆಗಳಲ್ಲಿರುವ ಮೊಬೈಲ್‌ಗಳಿಗೆ ಒಂದೇ ಪದದ ಮೆಸೇಜ್ ಹೋಗುತ್ತದೆ: ಗೊತ್ತಿಲ್ಲ. ಅದು ಬಂದ ಕಡೆ ಯಾರೂ ಕತ್ತಲಲ್ಲಿ ಬಾಗಿಲು ದಾಟುವುದಿಲ್ಲ. ಹೆಂಗಸರು ಬುತ್ತಿ ಕಟ್ಟಿಟ್ಟುಕೊಂಡು ಒಲೆ ಮುಂದೆಯೇ ಕೂರುತ್ತಾರೆ.

ಈ ಪದವನ್ನು ಕಿತ್ತುಹಾಕಬೇಕು ಎಂದು ಬೆಳೆಗಾರರ ಸಂಘದಲ್ಲಿ ಅರ್ಧದಷ್ಟು ಜನ ಹಟ ಹಿಡಿದಿದ್ದಾರೆ. ತೀರ್ಮಾನಕ್ಕೆ ಬುಧವಾರ ಸಕಲೇಶಪುರದಲ್ಲಿ ಸಭೆ. ಪದ ಹೋದರೆ ತಾನೂ ಈ ಕುರ್ಚಿ ಬಿಟ್ಟು ಹೋಗುತ್ತೇನೆ ಎಂದು ಗಂಗಾಮಣಿ ಮೊದಲೇ ಹೇಳಿಬಿಟ್ಟಿದ್ದಾರೆ.

ಮಗ್ಗೆ ಹತ್ತಿರದ ಸಣ್ಣ ಬೆಳೆಗಾರ ರಂಗಸ್ವಾಮಿಯವರ ಮಗಳು ಗಂಗಾಮಣಿ. ಪಿಯುಸಿವರೆಗೆ ಓದು, ಆಮೇಲೆ ಟೈಪಿಂಗ್. ಮದುವೆಯಾಗಿ ಹೊಸಕೋಟೆಗೆ ಬಂದ ಮೇಲೆ ಹಾಸನಕ್ಕೆ ಬಸ್ಸಿನಲ್ಲಿ ಹೋಗಿಬಂದು ಕಂಪ್ಯೂಟರ್ ಕಲಿತರು. ಗಂಡ ಜವರಪ್ಪ ಪಕ್ಕದ ಗಿರಣಿ ನಡೆಸುತ್ತಾರೆ. ಮೈಮೇಲೆಲ್ಲ ರಾಗಿ ಹಿಟ್ಟು ಮೆತ್ತಿಕೊಂಡು ಬಾಗಿಲಿಗೆ ಬಂದ ಅವರನ್ನು ಹೆಂಡತಿಯ ಕೆಲಸದ ಬಗ್ಗೆ ಕೇಳಿದರೆ ನಗುತ್ತಾರೆ. “ನನ್ ಮಿಷನ್ನು ರಾಗಿ ತಿನ್ತದೆ, ಇವಳ್ದು ನಿದ್ದೆ ತಿನ್ತದೆ. ಹೊಟ್ಟೆ ತುಂಬ್ಸೋದು ಮಾತ್ರ ನಂದೇ ಕಣ್ರೀ.”

ಆನೆ ಸುದ್ದಿ ಎಂದರೆ ನಮ್ಮ ಪತ್ರಿಕೆಗಳು ಆನೆಯ ಫೋಟೊ ದೊಡ್ಡದಾಗಿ ಹಾಕುತ್ತವೆ, ತುಳಿಸಿಕೊಂಡವನ ಹೆಸರು ತಪ್ಪಾಗಿ ಹಾಕುತ್ತವೆ. ಆಲೂರು, ಸಕಲೇಶಪುರದ ಎಸ್ಟೇಟುಗಳಲ್ಲಿ ಆನೆ ಸುದ್ದಿಯಲ್ಲ, ದಿನದ ಹವಾಮಾನ. ಸಂಜೆ ಕಾಡಿನಿಂದ ತೋಟಕ್ಕೆ ಇಳಿಯುತ್ತವೆ, ಬೆಳಗಾಗುವ ಹೊತ್ತಿಗೆ ರಸ್ತೆ ದಾಟಿ ಹೋಗುತ್ತವೆ. ಕೂಲಿಯವರು ಕೆಲಸಕ್ಕೆ ನಡೆಯುವುದೂ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ. ಯಾವ ತೋಟದಲ್ಲಿ ಆನೆ ಇದೆ, ಯಾವುದರಲ್ಲಿ ಇಲ್ಲ ಎಂದು ಬೆಳಗ್ಗೆಯೇ ಗೊತ್ತಾದರೆ ಸಾಕು ಎಂದು ಸಂಘದ ಅಧ್ಯಕ್ಷ ಶಾಂತಮಲ್ಲಪ್ಪನವರಿಗೆ ಅನ್ನಿಸಿತು. ಎರಡು ವರ್ಷದ ಹಿಂದೆ ಒಂದು ಹಳೇ ಕಂಪ್ಯೂಟರ್ ಕೊಡಿಸಿ ಗಂಗಾಮಣಿಯನ್ನು ಕೂರಿಸಿದರು.

ಪ್ರೋಗ್ರಾಮ್ ಬರೆದದ್ದು ಗಂಗಾಮಣಿಯೇ. ಪರ್ಲ್ ಎನ್ನುವ ಸ್ಕ್ರಿಪ್ಟ್ ಭಾಷೆಯಲ್ಲಿ ಬರೆದರು. ಹಾಸನದಲ್ಲಿ ಅವರಿಗೆ ಪಾಠ ಹೇಳಿದ ಮಹೇಶ್ ಫೋನಿನಲ್ಲಿ ದಾರಿ ತೋರಿಸಿದರು. ಕಾವಲುಗಾರರಲ್ಲಿ ಓದುಬರಹ ಬಾರದವರೇ ಹೆಚ್ಚು. ಅವರಿಗೆಂದು ಒಂದು ಸುಲಭದ ಪದ್ಧತಿ ಮಾಡಿದರು. ಆನೆ ತೋಟಕ್ಕೆ ಬಂದರೆ ‘ಬಿ’ ಒತ್ತುವುದು, ಹೋದರೆ ‘ಹೆಚ್’ ಒತ್ತುವುದು, ಪಕ್ಕದಲ್ಲಿ ಎಷ್ಟು ಎಂಬ ಅಂಕಿ. ಮೆಸೇಜ್ ಬಂದಾಗಲೆಲ್ಲ ಪ್ರೋಗ್ರಾಮಿನ ಒಳಗಿರುವ ಒಂದು ಸಬ್‌ರೂಟೀನ್ ಏಳುತ್ತದೆ. ಬಂದದ್ದನ್ನು ಕೂಡಿಸಿ, ಹೋದದ್ದನ್ನು ಕಳೆದು, ಉಳಿದದ್ದು ಎಷ್ಟು ಎಂದು ನೋಡುತ್ತದೆ. ಉಳಿದಿದ್ದರೆ ಎಷ್ಟು ಎಂಬ ಅಂಕಿಯ ಜೊತೆ ‘ಆನೆ ಇದೆ’, ಇಲ್ಲದಿದ್ದರೆ ‘ಆನೆ ಇಲ್ಲ’ ಎಂದು ಲೈನ್‌ಗಳಿಗೆ ಹೇಳುತ್ತದೆ.

ಮೊದಲ ಕೆಲವು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಆ ದಿನಗಳಲ್ಲಿ ಮಗ್ಗೆ ಕಡೆ ಓಡಾಡುತ್ತಿದ್ದುದು ಒಂದೇ ಒಂದು ಒಂಟಿ ಸಲಗ. ಸಂಜೆ ಒಂದು ಬಂತು ಎಂದರೆ ‘ಇದೆ’. ಬೆಳಗ್ಗೆ ಒಂದು ಹೋಯಿತು ಎಂದರೆ ‘ಇಲ್ಲ’. ಒಂದು ಸಲವೂ ತಪ್ಪಲಿಲ್ಲ. ಕೂಲಿಯವರು ಮೆಸೇಜ್ ನಂಬಿ ನಡೆಯುವುದನ್ನು ಕಲಿತರು. ಅಷ್ಟು ನಂಬಿಸಿದ್ದೇ ತಪ್ಪಾಯಿತು ಎಂದು ಗಂಗಾಮಣಿ ಇವತ್ತಿಗೂ ಹೇಳುತ್ತಾರೆ.

ಕಳೆದ ವರ್ಷ, ಅಂದರೆ 2007ರ ಕೊಯ್ಲಿನ ಹೊತ್ತಿಗೆ ಮೊದಲ ಸಲ ಅಲ್ಲಿಗೆ ಗುಂಪು ಬಂತು. ಒಂದು ಹೆಣ್ಣಾನೆ, ಅದರ ಮರಿ, ಜೊತೆಗೆ ಇನ್ನೊಂದು. ಲಿಂಗಪ್ಪ ಸಂಜೆ ಮೂರು ಬಂದವು ಎಂದು ಕಳಿಸಿದರು. ಬೆಳಗಿನ ಜಾವ ಒಂದು ಮಾತ್ರ ರಸ್ತೆ ದಾಟಿತು. ಲಿಂಗಪ್ಪ ಒಂದು ಹೋಯಿತು ಎಂದು ಕಳಿಸಿದರು. ತಾಯಿ ಮರಿ ಇನ್ನೂ ಒಳಗೇ ಇದ್ದವು. ಲೈನ್‌ಗೆ ಬಂದ ಮೆಸೇಜ್: ಆನೆ ಇಲ್ಲ.

ಆ ಲೈನ್‌ನಲ್ಲಿ ಲಕ್ಕಯ್ಯ ಎಂಬವರ ಮನೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಎಲ್ಲರಿಗಿಂತ ಮೊದಲು ಹೋಗಿ ನೀರು ಬಿಡುವುದು ಅವರ ಕೆಲಸ. ಅವರಿಗೆ ಓದಲು ಬರುವುದಿಲ್ಲ. ಹೆಂಡತಿ ಭದ್ರಮ್ಮ ನಾಲ್ಕನೇ ಕ್ಲಾಸು ಓದಿದವರು. ಮೊಬೈಲ್ ಅವರ ಕೈಯಲ್ಲೇ ಇರುತ್ತದೆ. ಮೆಸೇಜ್ ಓದಿ ಗಂಡನಿಗೆ, ಇಲ್ವಂತೆ ಹೋಗು ಎಂದರು. ಲಕ್ಕಯ್ಯ ಹೋದರು. ತಿರುವಿನಲ್ಲಿ ಸಿಲ್ವರ್ ಮರಗಳ ಸಾಲಿನ ಹಿಂದೆ ತಾಯಿ ಮರಿ ನಿಂತಿದ್ದವು. ಹೆಣ್ಣಾನೆ ಒಂದೇ ಸಲ ಸೊಂಡಿಲು ಬೀಸಿತು. ಲಕ್ಕಯ್ಯ ಚರಂಡಿಗೆ ಬಿದ್ದರು. ಚರಂಡಿಯ ಆಳ ಅವರ ಜೀವ ಉಳಿಸಿತು, ತೊಡೆ ಮೂಳೆ ಉಳಿಸಲಿಲ್ಲ.

ಆಗ ನಡೆದದ್ದನ್ನು ಕೇಳಿದರೆ ಯಾರಿಗಾದರೂ ಮೈ ಉರಿಯುತ್ತದೆ. ಕಾವಲುಗಾರ ಕುಡಿದು ಮಲಗಿದ್ದ ಎಂದು ಒಬ್ಬರು. ಹೆಂಡತಿ ತಪ್ಪು ಓದಿದಳು ಎಂದು ಇನ್ನೊಬ್ಬರು. ಲಕ್ಕಯ್ಯನೇ ಎಚ್ಚರ ತಪ್ಪಿ ನಡೆದ ಎಂದು ಮತ್ತೊಬ್ಬರು. ಕಂಪ್ಯೂಟರ್ ತಪ್ಪು ಮಾಡಿರಬಹುದು ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ. ಬಡವರ ಕೈ ತಪ್ಪಬಹುದು, ಮಿಷನ್ನು ತಪ್ಪಲಾರದು ಎನ್ನುವ ಈ ಬುದ್ಧಿ ಎಲ್ಲಿಂದ ಬರುತ್ತದೋ.

ಗಂಗಾಮಣಿ ಮಾತ್ರ ಕೋಣೆಯ ಬಾಗಿಲು ಹಾಕಿಕೊಂಡು ಲಿಂಗಪ್ಪ ಕಳಿಸಿದ ಅದೇ ಎರಡು ಮೆಸೇಜನ್ನು ತನ್ನ ಫೋನಿನಿಂದ ಮತ್ತೆ ಕಳಿಸಿ ನೋಡಿದರು. ಮೂರು ಬಂತು. ಪರದೆಯ ಮೇಲೆ ‘ಆನೆ ಇದೆ’. ಒಂದು ಹೋಯಿತು. ಪರದೆಯ ಮೇಲೆ ‘ಆನೆ ಇಲ್ಲ’. ಮಹೇಶ್‌ಗೆ ಫೋನ್ ಮಾಡಿ ಸಬ್‌ರೂಟೀನನ್ನು ಸಾಲು ಸಾಲಾಗಿ ಓದಿದರು. ಮೊದಲ ಸಾಲಿಗೇ ಮಹೇಶ್ ನಿಲ್ಲಿಸಿದರು.

“ಲೆಕ್ಕವನ್ನ ಸೊನ್ನೆ ಮಾಡೋ ಆ ಸಾಲು ಸಬ್‌ರೂಟೀನಿನ ಒಳಗಿದೆಯೋ, ಹೊರಗಿದೆಯೋ?”

ಒಳಗೇ ಇತ್ತು.

ಅದೇನು ಮಹಾ ಎಂದು ಕೇಳಿದರೆ ಗಂಗಾಮಣಿ ಅಡುಗೆಮನೆಯ ಉದಾಹರಣೆ ಕೊಡುತ್ತಾರೆ. ಅಂಕಿ ಇಟ್ಟುಕೊಳ್ಳುವ ಜಾಗಕ್ಕೆ ಕಂಪ್ಯೂಟರಿನವರು ವೇರಿಯಬಲ್ ಎನ್ನುತ್ತಾರೆ. ಇವರು ಪಾತ್ರೆ ಎನ್ನುತ್ತಾರೆ. “ಸಬ್‌ರೂಟೀನ್ ಅಂದ್ರೆ ಕರೆದಾಗ ಬರೋ ಆಳು. ಬರ್ತಾನೆ, ಕೆಲ್ಸ ಮಾಡ್ತಾನೆ, ಹೋಗ್ತಾನೆ. ನಾನೇನ್ ಮಾಡಿದ್ದೆ ಅಂದ್ರೆ, ಬಂದ ತಕ್ಷಣ ಪಾತ್ರೆ ತೊಳೆದುಬಿಡು ಅಂತ ಅವನಿಗೆ ಹೇಳಿದ್ದೆ. ಸಂಜೆ ಮೂರು ಹಾಕಿದ್ದ. ಬೆಳಗ್ಗೆ ಕರೆದಾಗ ಮೊದ್ಲು ಪಾತ್ರೆ ತೊಳ್ದ, ಮೂರೂ ಹೋಯ್ತು. ಆಮೇಲೆ ಒಂದು ಕಳೆದ. ಸೊನ್ನೇಲಿ ಒಂದು ಕಳೆದ್ರೆ ಇನ್ನೇನ್ ಉಳೀತದೆ? ಆನೆ ಇಲ್ಲ ಅಂದ.”

ಒಂಟಿ ಸಲಗದ ದಿನಗಳಲ್ಲಿ ಈ ತಪ್ಪು ಕಾಣಲು ಸಾಧ್ಯವೇ ಇರಲಿಲ್ಲ. ಬರುವುದೂ ಒಂದೇ, ಹೋಗುವುದೂ ಒಂದೇ. ಪಾತ್ರೆ ನಡುವೆ ತೊಳೆದರೂ ಉತ್ತರ ಸರಿಯೇ. ಬೇರೆ ಊರಿನಲ್ಲಿ ಕೂತು ಬರೆದವರು ಸುಮ್ಮನೆ ಮೂರೋ ನಾಲ್ಕೋ ಹಾಕಿ ಪರೀಕ್ಷೆ ಮಾಡಿರುತ್ತಿದ್ದರೇನೋ. ಇವರು ಕಣ್ಣೆದುರಿಗೆ ಇದ್ದ ಆನೆಯನ್ನೇ ನಂಬಿಕೊಂಡು ಪರೀಕ್ಷೆ ಮಾಡಿದ್ದರು.

ತಪ್ಪು ತನ್ನದು ಎಂದು ಗೊತ್ತಾದ ಮರುದಿನ ಗಂಗಾಮಣಿ ಲಕ್ಕಯ್ಯನ ಲೈನ್‌ಗೆ ಹೋದರು. ಭದ್ರಮ್ಮ ಅಷ್ಟು ದಿನ ತಾನೇ ತಪ್ಪು ಓದಿದೆ ಎಂದುಕೊಂಡು ಊಟ ಬಿಟ್ಟಿದ್ದರು. ಗಂಗಾಮಣಿ ಎಲ್ಲವನ್ನೂ ಹೇಳಿದರು. ಭದ್ರಮ್ಮ ಅಂದದ್ದು ಇಷ್ಟು: “ನೀನ್ ಬರ್ದೆ, ನಾನ್ ಓದ್ದೆ. ಇಬ್ರೂ ಸೇರ್ಕೊಂಡ್ ಕಳಿಸ್ಬುಟ್ವಲ್ಲವ್ವ.” ಆಮೇಲೆ ಕಾಫಿ ಕೊಟ್ಟರು.

ತಿದ್ದುವುದೂ ಒಂದೇ ಏಟಿಗೆ ಆಗಲಿಲ್ಲ. ಪಾತ್ರೆಯನ್ನು ಆಳಿನ ಕೈಯಿಂದ ಕಿತ್ತು ಪ್ರೋಗ್ರಾಮಿನ ನಡುಬೀದಿಯಲ್ಲಿ ಇಟ್ಟರು. ಈಗ ಆಳು ಹೋದರೂ ಪಾತ್ರೆ ಉಳಿಯಿತು, ಒಳಗಿನ ಅಂಕಿಯೂ ಉಳಿಯಿತು. ಆದರೆ ಬೀದಿಯಲ್ಲಿಟ್ಟ ಪಾತ್ರೆಗೆ ಯಾರು ಬೇಕಾದರೂ ಕೈ ಹಾಕಬಹುದು. ಮೆಸೇಜ್ ಕಳಿಸುವ ಇನ್ನೊಬ್ಬ ಆಳು, ಅಂದರೆ ಇನ್ನೊಂದು ಸಬ್‌ರೂಟೀನ್, ಅದೇ ಹೆಸರಿನ ಪಾತ್ರೆಯಲ್ಲಿ ಫೋನುಗಳನ್ನು ಎಣಿಸುತ್ತಿದ್ದ. ಒಂದು ಬೆಳಗ್ಗೆ ಲಿಂಗಪ್ಪನವರ ತೋಟದಲ್ಲಿ ನಲವತ್ತೆರಡು ಆನೆ ಇವೆ ಎಂದು ಎಲ್ಲರಿಗೂ ಮೆಸೇಜ್ ಹೋಯಿತು. ಲಿಂಗಪ್ಪ ಫೋನ್ ಮಾಡಿ, ಅಷ್ಟು ಆನೆ ಬಂದಿದ್ರೆ ಎಸ್ಟೇಟೂ ಇರ್ತಿರಲಿಲ್ಲ, ನಾನೂ ಇರ್ತಿರಲಿಲ್ಲ, ಇದನ್ನ ಹೇಳ್ತಿರೋದು ಯಾರು ಮತ್ತೆ ಎಂದು ಕೇಳಿದರಂತೆ.

ಆಮೇಲೆ ಮಹೇಶ್ ಹೇಳಿಕೊಟ್ಟಂತೆ ಪಾತ್ರೆಯನ್ನೂ ಅದನ್ನು ಬಳಸುವ ಆಳನ್ನೂ ಸೇರಿಸಿ ಸುತ್ತ ಒಂದು ಜೊತೆ ಬ್ರಾಕೆಟ್ ಹಾಕಿದರು. ಗಂಗಾಮಣಿಯ ಮಾತಿನಲ್ಲಿ ಅದು ಕಾಂಪೌಂಡು. ಪಾತ್ರೆ ಆಳಿನ ಕೈಯಲ್ಲಿಲ್ಲ, ಹಾಗಾಗಿ ಅವನು ಹೋದರೂ ಹೋಗುವುದಿಲ್ಲ. ಬೀದಿಯಲ್ಲೂ ಇಲ್ಲ, ಹಾಗಾಗಿ ಬೇರೆಯವರ ಕಣ್ಣಿಗೆ ಬೀಳುವುದಿಲ್ಲ. ಕಾಂಪೌಂಡಿನ ಒಳಗೆ ಪಾತ್ರೆ ತೊಳೆಯುವುದು ಕೆಲಸ ಶುರುವಾಗುವ ಮುಂಚೆ ಒಂದೇ ಒಂದು ಸಲ. ಈಚೆಗೆ ಬಂದಿರುವ ಹೊಸ ಪರ್ಲ್‌ನಲ್ಲಿ ಇದಕ್ಕೆಂದೇ ‘ಸ್ಟೇಟ್’ ಎಂಬ ಪದ ಇದೆಯಂತೆ. ಅದನ್ನು ಬರೆದರೆ ಪಾತ್ರೆ ಸಬ್‌ರೂಟೀನಿನ ಒಳಗೇ ಇದ್ದರೂ ಆಳು ಒಂದೇ ಸಲ ತೊಳೆಯುತ್ತಾನಂತೆ. ಈ ಮುದಿ ಕಂಪ್ಯೂಟರಿಗೆ ಕೊಯ್ಲಿನ ನಡುವೆ ಹೊಸದನ್ನು ಹಾಕುವ ಧೈರ್ಯ ಇವರಿಗಿಲ್ಲ.

ಅಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಮಳೆಗಾಲ ಬಂತು. ನಮ್ಮ ಕಡೆ ಮಳೆ ಬಂದರೆ ಕರೆಂಟು ಇರುವುದಿಲ್ಲ, ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದೂ ಇಲ್ಲ. ಬ್ಯಾಟರಿ ಸ್ವಲ್ಪ ಹೊತ್ತು ಎಳೆಯುತ್ತದೆ, ಆಮೇಲೆ ಕಂಪ್ಯೂಟರ್ ಸಾಯುತ್ತದೆ. ಪ್ರೋಗ್ರಾಮ್ ಓಡುತ್ತಿರುವವರೆಗೆ ಮಾತ್ರ ಪಾತ್ರೆಗೆ ನೆನಪು. ನಿಂತು ಮತ್ತೆ ಶುರುವಾದರೆ ಪಾತ್ರೆ ಮತ್ತೆ ಖಾಲಿ. ಖಾಲಿ ಎಂದರೆ ಸೊನ್ನೆ. ಸೊನ್ನೆ ಎಂದರೆ ಆನೆ ಇಲ್ಲ.

ಲೆಕ್ಕವನ್ನು ಫೈಲಿನಲ್ಲಿ ಬರೆದಿಟ್ಟುಕೊಂಡರೆ ಕರೆಂಟು ಹೋದರೂ ಉಳಿಯುತ್ತದೆ ಎಂದು ಮಹೇಶ್ ಹೇಳಿದರು. ಅದೂ ಸರಿಯೇ. ಗಂಗಾಮಣಿ ಎರಡು ದಿನ ಯೋಚಿಸಿ ಬೇಡ ಎಂದರು. “ಕರೆಂಟ್ ಹೋಯ್ತು ಅಂತ ಆನೆ ನಿಂತ್ಕತವಾ? ಮೆಸೇಜ್ ಬರದ ಹೊತ್ತಲ್ಲಿ ಬಂದ್ವೋ ಹೋದ್ವೋ ಯಾರ್ ಕಂಡ್ರು. ರಾತ್ರಿ ಲೆಕ್ಕನ ಬೆಳಗ್ಗೆ ನಿಜ ಅಂತ ಹೇಳೋದೂ ಸುಳ್ಳೇ.” ಹಾಗಾಗಿ ಪಾತ್ರೆಗೆ ಸೊನ್ನೆ ಹಾಕುವುದನ್ನೇ ಬಿಟ್ಟರು. ಶುರುವಿನಲ್ಲಿ ಪಾತ್ರೆಯಲ್ಲಿ ಏನೂ ಇರುವುದಿಲ್ಲ, ಸೊನ್ನೆಯೂ ಇರುವುದಿಲ್ಲ. ಹಾಗಿದ್ದರೆ ಪ್ರೋಗ್ರಾಮ್ ಹೇಳಬೇಕಾದ್ದು ‘ಗೊತ್ತಿಲ್ಲ’. ಕಣ್ಣಾರೆ ಕಂಡ ಕಾವಲುಗಾರ ಅಂಕಿ ಕೊಡುವವರೆಗೂ ಅದೇ ಉತ್ತರ. ಕರೆಂಟು ಬಂದ ಕೂಡಲೇ ಅವರು ಊರೆಲ್ಲ ಎಬ್ಬಿಸುವುದು ಇದಕ್ಕೇ.

ಈ ಪದ ಕಾಲಿಟ್ಟ ದಿನದಿಂದ ಬೈಗುಳ ಶುರು. ಕೊಯ್ಲಿನ ಕಾಲದಲ್ಲಿ ಆಳುಗಳು ತಡವಾಗಿ ಬಂದರೆ ಹಣ್ಣು ಗಿಡದಲ್ಲೇ ಉಳಿಯುತ್ತದೆ. ಮಾಲೀಕರು ಆಳುಗಳ ಉಸ್ತುವಾರಿ ನೋಡುವ ರೈಟರ್‌ಗಳನ್ನು ಬೈಯುತ್ತಾರೆ, ರೈಟರ್‌ಗಳು ಗಂಗಾಮಣಿಯನ್ನು ಬೈಯುತ್ತಾರೆ. ಈ ದಿನವೂ ಬೆಳಕು ಹರಿಯುವ ಮೊದಲೇ ಲಿಂಗಪ್ಪನವರ ಎಸ್ಟೇಟಿನ ರೈಟರ್ ರಾಜಶೇಖರ್ ಅವರ ಫೋನು.

“ಏನಮ್ಮ, ಗೊತ್ತಿಲ್ಲ ಅನ್ನೋಕೆ ಕಂಪ್ಯೂಟರ್ ಬೇಕಾ? ಅದನ್ನ ನಮ್ಮನೆ ಎಮ್ಮೆನೂ ಹೇಳ್ತದೆ.”

“ನಿಮ್ಮ ಎಮ್ಮೆ ಆನೆ ಇಲ್ಲ ಅಂದ್ರೆ ನೀವ್ ಕತ್ಲಲ್ಲಿ ಮುಂದೆ ನಡೀತೀರಾ ರೈಟ್ರೇ?”

ಆ ಕಡೆ ಫೋನ್ ಕಟ್ಟಾಗುತ್ತದೆ. ರಾಜಶೇಖರ್ ಕೆಟ್ಟವರಲ್ಲ ಎಂದು ಗಂಗಾಮಣಿಯೇ ಹೇಳುತ್ತಾರೆ. ಲಕ್ಕಯ್ಯನನ್ನು ಆ ದಿನ ಜೀಪಿಗೆ ಎತ್ತಿ ಹಾಕಿ ಹಾಸನಕ್ಕೆ ಓಡಿಸಿದವರು ಅವರೇ. ಅವರಿಗೂ ಮೇಲಿನವರ ಕಾಟ. ಆದರೆ ಮೇಲಿನವರ ಕಾಟವನ್ನು ಕೆಳಗಿನವರ ಮೂಳೆಯಲ್ಲಿ ತೀರಿಸುವುದು ಯಾವ ನ್ಯಾಯ?

ಬುಧವಾರ. ಸಕಲೇಶಪುರದ ಸಂಘದ ಹಾಲ್‌ನಲ್ಲಿ ಬೆಳೆಗಾರರು, ರೈಟರ್‌ಗಳು ತುಂಬಿದ್ದಾರೆ. ಗಂಗಾಮಣಿ ಗೋಡೆ ಪಕ್ಕದ ಬೆಂಚಿನಲ್ಲಿ ಕೂತಿದ್ದಾರೆ. ಒಬ್ಬ ಬೆಳೆಗಾರರು ಎದ್ದು, ಮಾಹಿತಿ ಬರದಿದ್ದರೆ ‘ಇಲ್ಲ’ ಎಂದೇ ಕಳಿಸಲಿ, ಮೊದಲು ಹಾಗೇ ಇತ್ತಲ್ಲ ಎನ್ನುತ್ತಾರೆ. ಹಲವರು ತಲೆಯಾಡಿಸುತ್ತಾರೆ. ಗಂಗಾಮಣಿಗೆ ಮಾತಾಡಲು ಹೇಳಿದಾಗ ಅವರು ಎದ್ದು ಸಬ್‌ರೂಟೀನು, ಪಾತ್ರೆ, ಸೊನ್ನೆ ಎಂದೆಲ್ಲ ವಿವರಿಸಲು ಹೊರಟು ನಾಲಿಗೆ ತೊಡರಿಸಿಕೊಂಡು ಕೂತುಬಿಡುತ್ತಾರೆ. ಯಾರಿಗೂ ಅರ್ಥವಾಗುವುದಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸುತ್ತಾರೆ. ಪದ ಹೋಯಿತು ಎಂದೇ ಅನ್ನಿಸುತ್ತದೆ.

ಅಷ್ಟರಲ್ಲಿ ಬಾಗಿಲ ಹತ್ತಿರ ಕೋಲಿನ ಸದ್ದು. ಲಕ್ಕಯ್ಯ ಒಳಗೆ ಬರುತ್ತಿದ್ದಾರೆ, ಹಿಂದೆ ಭದ್ರಮ್ಮ. ಯಾರೂ ಕರೆದಿರಲಿಲ್ಲ. ಬಸ್ಸು ಹತ್ತಿ ತಾವೇ ಬಂದಿದ್ದಾರೆ. ಕೂರಲು ಹೇಳಿದರೂ ಕೂರುವುದಿಲ್ಲ, ಕೂತರೆ ಏಳುವುದು ಕಷ್ಟವಂತೆ. ನಿಂತೇ ಶಾಂತಮಲ್ಲಪ್ಪನವರ ಕಡೆ ನೋಡಿ ಹೇಳುತ್ತಾರೆ:

“ಯಜಮಾನ್ರೇ, ನಂಗೆ ಕಂಪ್ಯೂಟ್ರು ಗೊತ್ತಿಲ್ಲ. ಆನೆ ಇದೆ ಅಂದಿದ್ರೆ ನಾನ್ ಹೋಗ್ತಿರ್ಲಿಲ್ಲ. ಗೊತ್ತಿಲ್ಲ ಅಂದಿದ್ರೂ ಹೋಗ್ತಿರ್ಲಿಲ್ಲ. ಇಲ್ಲ ಅಂದ್ರು, ಹೋದೆ. ಮೂರ್ ಮಾತಲ್ಲಿ ನನ್ ಕಾಲ್ ಮುರಿದದ್ದು ಅದೊಂದೇ. ನೀವು ಅದನ್ನೇ ಜಾಸ್ತಿ ಹೇಳಿ ಅಂತಿದೀರಿ.”

ಶಾಂತಮಲ್ಲಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾರೆ. ಎದ್ದು ನಿಂತಿದ್ದ ಬೆಳೆಗಾರರು ಮೆಲ್ಲಗೆ ಕೂರುತ್ತಾರೆ. ಮೊದಲು ಬಾಯಿ ಬಿಡುವವರು ರಾಜಶೇಖರ್. ತಡವಾಗುವುದೇ ತೊಂದರೆಯಾದರೆ ಮಗ್ಗೆ ಕಡೆಗೆ ಇನ್ನೊಬ್ಬ ಕಾವಲುಗಾರನನ್ನು ಹಾಕಿ, ಬೇಗ ನೋಡಿ ಹೇಳುತ್ತಾನೆ ಎನ್ನುತ್ತಾರೆ. ಶಾಂತಮಲ್ಲಪ್ಪ ಕನ್ನಡಕ ಹಾಕಿಕೊಂಡು ತೀರ್ಮಾನ ಹೇಳುತ್ತಾರೆ. ಕಾವಲುಗಾರನನ್ನು ಸಂಘವೇ ಹಾಕುತ್ತದೆ. ಗೊತ್ತಿಲ್ಲ ಅನ್ನೋದು ಇರಲಿ. ಅಷ್ಟೇ. ಕೈತಟ್ಟುವವರು ಯಾರೂ ಇಲ್ಲ, ಕಾಫಿ ಬರುತ್ತದೆ, ಮಾತು ಹಣ್ಣಿನ ಕಡೆ ಹೊರಳುತ್ತದೆ.

ಹೊರಗೆ ಮೆಟ್ಟಿಲ ಮೇಲೆ ಭದ್ರಮ್ಮ ಮತ್ತು ಗಂಗಾಮಣಿ ಬಸ್ಸಿಗೆ ಕಾಯುತ್ತ ಕೂತಿದ್ದಾರೆ. ಲಕ್ಕಯ್ಯ ಕಂಬಕ್ಕೊರಗಿ ಬೀಡಿ ಹಚ್ಚಿದ್ದಾರೆ. ಇನ್ನು ಮೇಲೂ ಜನ ಬೈಯುವುದು ನಿಲ್ಲುವುದಿಲ್ಲವಲ್ಲ, ಬೇಸರವಿಲ್ಲವೇ ಎಂದು ಕೇಳಿದರೆ ಗಂಗಾಮಣಿಯ ಉತ್ತರ ಸಿದ್ಧವಾಗಿದೆ.

“ಬೈಲಿ ಬಿಡಿ,” ಎನ್ನುತ್ತಾರೆ. “ಗೊತ್ತಿಲ್ಲ ಅಂತ ಕಳಿಸ್ದಾಗ ಲೈನ್‌ನೋರೂ ಬೈತಾರೆ, ಕೂಲಿ ತಡ ಆಯ್ತು ಅಂತ. ಆಗ ನಂಗೆ ಸಮಾಧಾನ. ಬೈತಾವ್ರೆ ಅಂದ್ರೆ ಇನ್ನೂ ಮನೇಲೇ ಅವ್ರೆ.”